ಮುಖಚಿತ್ರದಿಂದ ಮೀಮಿಗೆ: ವಿಭಾವವನ್ನಗಲಿದ ಅನುಭಾವದ ವಿಚಾರ

೧

ಅಂತರ್ಜಾಲದ ಬರೆವಣಿಗೆಯಲ್ಲಿ ಮಾತಿಗೆ ಪ್ರತಿಯಾಗಿ ಮಾತನ್ನಾಡದೆ ಒಂದು ಮುಖದ ಚಿತ್ರವನ್ನಿಡುವ ಪದ್ಧತಿ ಈಚೆಗೆ ಬಲವಾಗಿ ಬೇರೂರಿದೆ. ಆ ಮುಖ ಬರೆದವನದಲ್ಲ; ಓದುವವನದೂ ಅಲ್ಲ. ಎಂದೋ ಯಾವುದೋ ವಿಡಿಯೊವಿನಲ್ಲಿ ಕ್ಷಣಕಾಲ ತೋರಿ ಮರೆಯಾದ ಮುಖ ಅದು. ಆದರೂ ಅದನ್ನು ಕಂಡ ಕೂಡಲೆ ಓದುವವನು ಬರೆದವನ ಮನಸ್ಸನ್ನರಿತು ನಗುತ್ತಾನೆ. ಇಂಥ ಚಿತ್ರಗಳನ್ನು ಪ್ರತಿಕ್ರಿಯಾ ಮೀಮುಗಳೆನ್ನುತ್ತಾರೆ. ಇವು ಹೇಗೆ ಹುಟ್ಟುತ್ತವೆ, ಸಾವಿರಾರು ಚಿತ್ರಗಳಲ್ಲಿ ಒಂದೆರಡು ಮಾತ್ರ ಏಕೆ ಉಳಿಯುತ್ತವೆ, ಉಳಿದವುಗಳಲ್ಲಿ ಯಾವುದು ಲೇಸು ಯಾವುದು ಹೊಲ್ಲ ಎಂಬುದನ್ನು ನಮ್ಮ ಲಾಕ್ಷಣಿಕರ ಪರಿಭಾಷೆಯ ನೆರವಿನಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

‘ಮೀಮ್’ ಎಂಬ ಶಬ್ದವನ್ನು ಮೊದಲು ಬಳಸಿದವರು ರಿಚರ್ಡ್ ಡಾಕಿನ್ಸ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು. ೧೯೭೬ರಲ್ಲಿ ಪ್ರಕಟವಾದ ‘ದಿ ಸೆಲ್ಫಿಶ್ ಜೀನ್’ ಎಂಬ ಗ್ರಂಥದಲ್ಲಿ. ಅನುಕರಿಸಲ್ಪಟ್ಟದ್ದು ಎಂಬರ್ಥದ ಗ್ರೀಕ್ ಶಬ್ದವನ್ನು ಮೊಟಕುಮಾಡಿ, ‘ಜೀನ್’ ಎಂಬುದಕ್ಕೆ ಪ್ರಾಸವಾಗುವಂತೆ ಅವರು ಇದನ್ನು ರಚಿಸಿದರು. ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಅನುಕರಣದಿಂದ ಹರಡುವ ರಾಗ, ನುಡಿ, ಉಡುಪಿನ ರೀತಿ ಮೊದಲಾದುವೆಲ್ಲ ಅವರ ವಿವಕ್ಷೆಯಲ್ಲಿ ಸೇರಿದ್ದುವು. ಇಂದು ಆ ಶಬ್ದದ ಅರ್ಥ ಬಹಳ ಸಂಕೋಚಗೊಂಡಿದೆ. ನಮ್ಮ ನಾಟ್ಯಶಾಸ್ತ್ರವೂ ಅನುಕರಣದ ಮಾತಿನಿಂದಲೇ ಹೊರಡುತ್ತದೆ. ಇದು ಕೇವಲ ಆಕಸ್ಮಿಕವಾದ ಸಾಮ್ಯ. ಇದರ ಮೇಲೆ ವಾದವನ್ನು ಕಟ್ಟತಕ್ಕದ್ದಲ್ಲ. ಆದರೆ ಮೀಮಿನಲ್ಲಿ ಅನುಕರಿಸಲ್ಪಡುವುದು ಪ್ರಾಯಶಃ ಮುಖದ ಅಭಿನಯವೇ ಆಗಿರುವುದರಿಂದ, ಅಭಿನಯವನ್ನು ಕುರಿತು ಇಷ್ಟೊಂದು ಸೂಕ್ಷ್ಮವಾಗಿ ವಿಚಾರಿಸಿರುವ ಶಾಸ್ತ್ರವನ್ನು ಇಲ್ಲಿಗೆ ಅನ್ವಯಿಸಿ ನೋಡುವುದು ಅನುಚಿತವಾಗಲಾರದು.

೨

ಮೊದಲು ಮುಖಚಿತ್ರದ ಸ್ವರೂಪವನ್ನು ನೋಡೋಣ. ೨೦೦೫ರಲ್ಲಿ ಪ್ರಾರಂಭವಾದ ಯೂಟ್ಯೂಬ್ ಮೊದಲಾದ ಸ್ಥಾನಗಳಲ್ಲಿ ಪ್ರತಿಯೊಂದು ವಿಡಿಯೊವಿಗೂ ಮುಂದಾಗಿ ಒಂದು ಚಿಕ್ಕ ನಿಶ್ಚಲಚಿತ್ರವಿರುತ್ತದೆ. ಇದಕ್ಕೆ ಬಳಕೆಯ ಹೆಸರು ಥಂಬ್‌ನೇಲ್. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಎಂಬುದು ಆ ಪದದ ಅಭಿಪ್ರಾಯ. ಇಲ್ಲಿ ಅದನ್ನು ಮುಖಚಿತ್ರವೆಂದು ಕರೆದಿದೆ. ನೋಡುವವನು ವಿಡಿಯೊವನ್ನು ನೋಡಲೋ ಬಿಡಲೋ ಎಂದು ನಿಶ್ಚಯಿಸುವುದು ಬಹುಮಟ್ಟಿಗೆ ಇದನ್ನೂ ತಲೆಬರಹವನ್ನೂ ಕಂಡೇ. ಮೊದಮೊದಲು ಯಂತ್ರವೇ ವಿಡಿಯೊವಿನಿಂದ ಎತ್ತಿ ಮುಂದಿಟ್ಟ ಕೆಲವು ಚೌಕಟ್ಟುಗಳಲ್ಲಿ ಒಂದು ಮುಖಚಿತ್ರವಾಗುತ್ತಿತ್ತು. ಅನಂತರ ವಿಡಿಯೊ ಮಾಡಿದವರೇ ಬೇರೆಯಾಗಿ ಚಿತ್ರವನ್ನು ಸಿದ್ಧಪಡಿಸಿ ಇಡುವುದು ರೂಢಿಗೆ ಬಂತು. ೨೦೧೫ರಲ್ಲಿ, ಯಾವ ಚೌಕಟ್ಟು ಉತ್ತಮವೆಂದು ಗುಣಿಸಿ ಆರಿಸುವ ಕೆಲಸಕ್ಕೆ ನರಜಾಲದ ಮಾದರಿಯ ಗಣಕವಿಧಾನವನ್ನು ಬಳಸತೊಡಗಿರುವುದಾಗಿ ಆ ಸಂಸ್ಥೆಯವರು ತಿಳಿಸಿದರು. ಚಿತ್ರದ ಅಳತೆ ೧೨೮೦ಕ್ಕೆ ೭೨೦ ಬಿಂದುಗಳಿರಲೆಂದು ಅವರ ಸೂಚನೆ. ಆದರೆ ಕೈಫೋನಿನಲ್ಲಿ ಅದು ಕಾಣುವುದು ಕೆಲವೇ ಬೆರಳುಗಳ ಅಗಲಕ್ಕೆ.

ಈ ಅಲ್ಪತೆಯಿಂದ ಒಂದು ಮುಖ್ಯ ಪರಿಣಾಮವುಂಟಾಗಿದೆ. ಅಷ್ಟು ಚಿಕ್ಕ ಜಾಗದಲ್ಲಿ ಊರು, ಗುಂಪು, ಮನೆ, ಬಯಲು ಯಾವುದೂ ಸ್ಪಷ್ಟವಾಗಿ ಕಾಣದು. ಮುಖ ಮಾತ್ರ ಕಾಣುತ್ತದೆ. ಮುಖದಲ್ಲಿಯೂ ಮಂದಹಾಸ, ಓರೆನೋಟಗಳಂಥ ಕೋಮಲಭೇದಗಳು ಅಳಿಸಿಹೋಗಿ, ಅರಳಿದ ಕಣ್ಣು, ತೆರೆದ ಬಾಯಿ, ಎತ್ತಿದ ಹುಬ್ಬು ಇವೇ ಉಳಿಯುತ್ತವೆ. ಆದುದರಿಂದಲೇ ಇಂದಿನ ಮುಖಚಿತ್ರಗಳಲ್ಲಿ ಬೆಕ್ಕಸಗೊಂಡ ಮುಖಗಳು ಹೀಗೆ ತುಂಬಿಹೋಗಿರುವುದು. ಅಡಿಗೆಯ ವಿಡಿಯೊವಾಗಲಿ, ಪ್ರವಾಸದ ವಿಡಿಯೊವಾಗಲಿ, ಮುಂಬಾಗಿಲಲ್ಲಿ ನಿಂತಿರುವವನು ಬಾಯಿ ತೆರೆದು ಬೆರಗಾಗಿಯೇ ನಿಂತಿರುತ್ತಾನೆ.

ರಸಕ್ಕೆ ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗ ಬೇಕೆಂಬುದು ಭರತನ ಮತವೆಂದು ಎಲ್ಲರೂ ಬಲ್ಲರು. ಭಾವ ಹುಟ್ಟುವುದಕ್ಕೆ ಕಾರಣವಾದುದು ವಿಭಾವ; ಹುಟ್ಟಿದ ಭಾವವನ್ನು ಹೊರಗೆ ತೋರುವುದು ಅನುಭಾವ. ಹಾವನ್ನು ಕಂಡವನು ನಡುಗಿದರೆ ಹಾವು ವಿಭಾವ, ನಡುಕ ಅನುಭಾವ. ಈಗ ಮುಖಚಿತ್ರವನ್ನು ನೋಡಿದರೆ, ಅದು ನಡುಕವನ್ನು ಮುಂದಿಟ್ಟು ಹಾವನ್ನು ಬಚ್ಚಿಟ್ಟಿದೆ ಎಂದು ಹೇಳಬೇಕಾಗುತ್ತದೆ. ಬೆರಗು ಕಾಣುತ್ತದೆ, ಬೆರಗಿನ ಕಾರಣ ಕಾಣುವುದಿಲ್ಲ. ಕಾರಣವನ್ನರಿಯಬೇಕಾದರೆ ಒಳಗೆ ಬರಬೇಕು ಎಂಬುದೇ ಅದರ ಆಹ್ವಾನ. ಎಂದರೆ ವಿಭಾವದಿಂದ ಅನುಭಾವವನ್ನು ಅಗಲಿಸುವ ಕೆಲಸವನ್ನು ಮೀಮು ಮಾಡುವುದಕ್ಕೆ ಮುಂಚೆಯೇ ಮುಖಚಿತ್ರ ಮಾಡಿರುತ್ತದೆ.

ಮೀಮು ಮಾಡುವುದು ಇಷ್ಟೆ: ಅಗಲಿ ನಿಂತಿರುವ ಆ ಅನುಭಾವಕ್ಕೆ ಹೊಸದೊಂದು ವಿಭಾವವನ್ನು ಬರೆವಣಿಗೆಯಿಂದ ಒದಗಿಸುತ್ತದೆ. ಮುಖಚಿತ್ರದಲ್ಲಿ ಕಾರಣ ಮುಂದೆ, ವಿಡಿಯೊವಿನೊಳಗೆ, ಇದೆ. ಮೀಮಿನಲ್ಲಿ ಕಾರಣ ಚಿತ್ರದ ಮೇಲಣ ಪಂಕ್ತಿಯಲ್ಲಿ ಆಗಲೇ ಹೇಳಿ ಮುಗಿದಿದೆ. ಒಂದು ‘ಏಕೆಂದು ಬಂದು ನೋಡು’ ಎನ್ನುತ್ತದೆ. ಇನ್ನೊಂದು ‘ಏಕೆಂದು ನೀನೇ ಕಂಡೆಯಲ್ಲ’ ಎನ್ನುತ್ತದೆ. ಹೀಗೆ ಚೌಕಟ್ಟಿನ ಆಯ್ಕೆ, ಮೂಲದಿಂದ ವಿಯೋಗ, ಹೊಸ ಕಾರಣದೊಡನೆ ಪುನರ್ಯೋಜನೆ ಎಂಬ ಮೂರು ಹಂತಗಳನ್ನು ಗುರುತಿಸಬಹುದು. ಮುಂದೆ ಹೇಳುವ ಚಿತ್ರಗಳೆಲ್ಲ ಮುಖಚಿತ್ರಗಳಾಗಿಯೇ ಹುಟ್ಟಿದುವೆಂದಲ್ಲ. ಓಡುವ ಚಿತ್ರದಿಂದ ಒಂದು ಕ್ಷಣವನ್ನು ಕತ್ತರಿಸಿ ತೆಗೆಯುವ ವ್ಯಾಪಾರ ಎಲ್ಲಕ್ಕೂ ಸಮಾನವಾಗಿದೆ.

೩

ಪ್ರಥಮೋದಾಹರಣೆಯಾಗಿ ಬೆರಗುಗೊಂಡ ಪಿಕಾಚುವಿನ ಚಿತ್ರವನ್ನು ತೆಗೆದುಕೊಳ್ಳಬಹುದು. ಪಿಕಾಚು ಎಂಬುದು ‘ಪೊಕೆಮಾನ್’ ಎಂಬ ಜಪಾನೀ ದೂರದರ್ಶನ ಧಾರಾವಾಹಿಯಲ್ಲಿ ಬರುವ ಹಳದಿಬಣ್ಣದ ಕಲ್ಪಿತ ಪ್ರಾಣಿ. ಆ ಧಾರಾವಾಹಿಯ ಹತ್ತನೆಯ ಕಂತು ಜಪಾನಿನಲ್ಲಿ ೧೯೯೭ನೆಯ ಜೂನ್ ೩ರಂದು ಪ್ರಸಾರವಾಯಿತು. ಅದರಲ್ಲಿ ಕ್ಷಣಮಾತ್ರ ಕಾಣುವ, ಬಾಯಿ ತೆರೆದು ಕಣ್ಣರಳಿಸಿದ ಪಿಕಾಚುವಿನ ಮುಖ ಇಪ್ಪತ್ತೊಂದು ವರ್ಷಗಳ ಅನಂತರ, ೨೦೧೮ರ ಸೆಪ್ಟೆಂಬರಿನಲ್ಲಿ, ಟಂಬ್ಲರ್ ಎಂಬ ಸ್ಥಾನದಲ್ಲಿ ಮೀಮಾಗಿ ತೋರಿ, ಕೆಲವೇ ವಾರಗಳಲ್ಲಿ ಎಲ್ಲೆಡೆಯೂ ಹರಡಿತು.

ಇದರ ಬಂಧ ನಿಯತವಾದುದು. ಮೊದಲ ಪಂಕ್ತಿಯಲ್ಲಿ ಒಬ್ಬನು ಏನನ್ನೋ ಮಾಡುತ್ತಾನೆ. ಎರಡನೆಯದರಲ್ಲಿ ಅದರ ಸಹಜಫಲ ಒದಗುತ್ತದೆ. ಮೂರನೆಯದರಲ್ಲಿ ಮಾತಿಲ್ಲ, ಬೆರಗಾದ ಪಿಕಾಚು. ‘ರಾತ್ರಿಯೆಲ್ಲ ನಿದ್ದೆಗೆಟ್ಟು ಹರಟೆ ಹೊಡೆದೆ, ಬೆಳಗ್ಗೆ ಪರೀಕ್ಷೆಯಲ್ಲಿ ತೂಕಡಿಕೆ ಬಂತು, ನಾನು—’ ಎಂದು ಬರೆದು ಆ ಚಿತ್ರವನ್ನಿಟ್ಟರೆ ಮಾದರಿ ಪೂರ್ಣವಾಯಿತು.

ಇಲ್ಲಿಯ ಸ್ವಾರಸ್ಯವೇನು? ವಿಸ್ಮಯ ಅದ್ಭುತರಸಕ್ಕೆ ಸ್ಥಾಯಿ. ಕಣ್ಣರಳುವುದು, ರೆಪ್ಪೆ ಮಿಡುಕದೆ ನೋಡುವುದು ಅದರ ಅನುಭಾವಗಳೆಂದು ಭರತನೇ ಹೇಳಿದ್ದಾನೆ. ಚಿತ್ರದಲ್ಲಿ ಈ ಅನುಭಾವ ನಿರ್ದುಷ್ಟವಾಗಿದೆ. ಆದರೆ ವಿಸ್ಮಯಕ್ಕೆ ವಿಭಾವವಾಗಬೇಕಾದುದು ಅಪೂರ್ವವಾದುದು, ನಿರೀಕ್ಷೆಗೆ ಮೀರಿದುದು. ಇಲ್ಲಿ ಒದಗಿಸಿರುವ ಕಾರಣವಾದರೋ ಯಾವ ಹಸುಳೆಯೂ ಮೊದಲೇ ಊಹಿಸಬಹುದಾದದ್ದು. ಅನುಭಾವ ಅದ್ಭುತದ್ದು, ವಿಭಾವ ಅದಕ್ಕೆ ತೀರ ವಿರುದ್ಧವಾದದ್ದು; ಆದುದರಿಂದ ವಿಸ್ಮಯವು ವಿಸ್ಮಯಾಭಾಸವಾಗುತ್ತದೆ. ಅನೌಚಿತ್ಯದಿಂದ ಆಭಾಸವಾದ ಭಾವವು ಹಾಸ್ಯಕ್ಕೆ ಎಡೆಗೊಡುತ್ತದೆಂಬುದು ಅಭಿನವಗುಪ್ತನ ಸಿದ್ಧಾಂತ. ಶೃಂಗಾರದ ಅನುಕರಣದಿಂದ ಹಾಸ್ಯವೆಂಬ ಭರತನ ಮಾತನ್ನು ಆತನು ಎಲ್ಲ ರಸಗಳಿಗೂ ವಿಸ್ತರಿಸಿರುವುದು ಸರಿಯೆಂಬುದಕ್ಕೆ ಈ ಹಳದಿ ಪ್ರಾಣಿಗಿಂತ ಸುಲಭವಾದ ನಿದರ್ಶನ ತರಗತಿಯಲ್ಲಿ ದೊರೆಯುವುದು ಕಷ್ಟ.

ಶಬ್ದವೃತ್ತಿಯ ದೃಷ್ಟಿಯಿಂದ ನೋಡಿದರೂ ಇದೇ ನಿರ್ಣಯಕ್ಕೆ ಬರುತ್ತೇವೆ. ‘ನನಗೆ ಆಶ್ಚರ್ಯವಾಯಿತು’ ಎಂಬ ಮುಖ್ಯಾರ್ಥ ಮೇಲಣ ಪಂಕ್ತಿಗಳಿಂದ ಬಾಧಿತವಾಗುತ್ತದೆ. ವಿಪರೀತಲಕ್ಷಣೆಯಿಂದ ‘ಆಶ್ಚರ್ಯಕ್ಕೆ ಇಲ್ಲಿ ಎಡೆಯೇ ಇಲ್ಲ’ ಎಂಬ ಅರ್ಥ ಬರುತ್ತದೆ. ‘ಇಷ್ಟೂ ತಿಳಿಯದ ಮೂಢನಾದೆನಲ್ಲ’ ಎಂಬುದು ವ್ಯಂಗ್ಯವಾಗಿ ಹೊಳೆಯುತ್ತದೆ. ಇಷ್ಟನ್ನೂ ಮಾತಿನಲ್ಲಿ ವಿಸ್ತರಿಸಿ ಹೇಳಿದ್ದರೆ ನಗು ಬರುತ್ತಿರಲಿಲ್ಲ. ವ್ಯಂಗ್ಯವು ವಾಚ್ಯವಾದರೆ ಕೆಡುತ್ತದೆಂಬ ಧ್ವನಿಕಾರನ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

೪

ಎರಡನೆಯದು ರೆಪ್ಪೆ ಮಿಟುಕಿಸುವ ಮುಖ. ವಿಡಿಯೊ ಆಟಗಳಿಗೆ ಮೀಸಲಾದ ‘ಜೈಂಟ್ ಬಾಂಬ್’ ಎಂಬ ಅಮೆರಿಕದ ಸಂಸ್ಥೆಯಲ್ಲಿ ಡ್ರೂ ಸ್ಕ್ಯಾನ್‌ಲನ್ ಎಂಬವರು ಕೆಲಸದಲ್ಲಿದ್ದರು. ೨೦೧೩ರಲ್ಲಿ ಸಹೋದ್ಯೋಗಿಯೊಬ್ಬರು ಆಟವಾಡುತ್ತ, ತಮ್ಮ ಆಟದ ಗುದ್ದಲಿಯನ್ನು ಕುರಿತು ಎರಡರ್ಥ ಬರುವ ಮಾತೊಂದನ್ನು ಆಡಿದಾಗ, ಸ್ಕ್ಯಾನ್‌ಲನ್ನರು ತಲೆಯನ್ನು ತುಸು ಹಿಂದಕ್ಕೆಳೆದು ರೆಪ್ಪೆಯನ್ನು ಮಿಟುಕಿಸಿದರು. ಆ ಎರಡು ಮೂರು ಕ್ಷಣಗಳ ತುಣುಕು ೨೦೧೭ರ ಫೆಬ್ರವರಿಯಲ್ಲಿ ಟ್ವಿಟರಿನಲ್ಲಿ ಹರಡಿ ಲೋಕಪ್ರಸಿದ್ಧವಾಯಿತು. ಇದು ನಿಶ್ಚಲಚಿತ್ರವಲ್ಲ, ತಾನೇ ಮರಳಿ ಮರಳಿ ಚಲಿಸುವ ಜಿಫ್. ಆದರೂ ಆಯ್ಕೆ, ವಿಯೋಗ, ಪುನರ್ಯೋಜನೆಗಳು ಇಲ್ಲಿಯೂ ಹಾಗೆಯೇ ಇವೆ.

ನಾಟ್ಯಶಾಸ್ತ್ರದ ಉಪಾಂಗಾಭಿನಯಪ್ರಕರಣದಲ್ಲಿ ಮೂವತ್ತಾರು ದೃಷ್ಟಿಗಳೂ ರೆಪ್ಪೆಯ ಒಂಬತ್ತು ಕರ್ಮಗಳೂ ಹೇಳಲ್ಪಟ್ಟಿವೆ. ರೆಪ್ಪೆ ಬಿಚ್ಚುವ ಉನ್ಮೇಷ, ಮುಚ್ಚುವ ನಿಮೇಷ ಇವೆರಡೂ ಅದರಲ್ಲಿವೆ. ಇಷ್ಟು ಅಲ್ಪವಾದ ಚಲನವನ್ನೂ ಅಭಿನಯವೆಂದು ಎಣಿಸಿದ ಪ್ರಾಚೀನರ ಸೂಕ್ಷ್ಮತೆಗೆ ಈ ತುಣುಕು ಸಾಕ್ಷಿ. ಅದರಲ್ಲಿರುವುದು ನಿಮೇಷೋನ್ಮೇಷಗಳಲ್ಲದೆ ಬೇರೇನೂ ಅಲ್ಲ. ಆದರೂ ಕೇಳಿದ್ದನ್ನು ನಂಬಲಾರದೆ ಇನ್ನೊಮ್ಮೆ ಕಿವಿಗೊಡುವ ಮನಸ್ಸು ಅದರಲ್ಲಿ ಪೂರ್ಣವಾಗಿ ಮೂಡಿದೆ.

ಈ ಎರಡು ಉದಾಹರಣೆಗಳನ್ನು ಹೋಲಿಸಿದಾಗ, ಯಾವ ಚಿತ್ರ ಬಾಳುತ್ತದೆಂಬ ಪ್ರಶ್ನೆಗೆ ಒಂದು ಉತ್ತರ ಕಾಣುತ್ತದೆ. ಭಾವವು ತುಂಬಿ ತುಳುಕುವ ಮುಖ ಮೀಮಿಗೆ ಒಗ್ಗುವುದು ಕಡಮೆ. ಬಿಕ್ಕಿ ಅಳುವ ಮುಖಕ್ಕೆ ಅಳುವ ಸಂದರ್ಭವೇ ಬೇಕು. ಆದರೆ ಸ್ಥಾಯಿಯಾಗದೆ ಸುಳಿದುಹೋಗುವ ಭಾವದ ಮುಖಕ್ಕೆ ನೂರು ಸಂದರ್ಭಗಳು ಸಲ್ಲುತ್ತವೆ. ವ್ಯಭಿಚಾರಿಭಾವಗಳು ಮೂವತ್ತಮೂರೆಂದು ಲೆಕ್ಕ. ಅವುಗಳಲ್ಲಿ ವಿತರ್ಕ, ಜಡತೆ ಎಂಬೆರಡರ ನಡುವೆ ಎಲ್ಲಿಯೋ ಈ ಮಿಟುಕು ನಿಂತಿದೆ. ಇಂಥದೇ ಎಂದು ನಿರ್ಧರಿಸಲು ಬಾರದು. ನಿರ್ಧಾರವಾಗದಿರುವುದೇ ಅದರ ಬಲ. ಮೇಲೆ ಬರೆದ ಪಂಕ್ತಿ ಅದನ್ನು ಯಾವ ಕಡೆಗಾದರೂ ವಾಲಿಸಬಹುದು. ಪಿಕಾಚುವಿನ ಮುಖವೂ ಹಾಗೆಯೇ: ಬಾಯಿಯೊಂದು, ಕಣ್ಣೆರಡು, ಕೆಲವೇ ರೇಖೆಗಳು; ಉಳಿದದ್ದನ್ನು ಓದುವವನು ತುಂಬಿಕೊಳ್ಳುತ್ತಾನೆ.

ಆದರೆ ಪರರ ಮುಖ ‘ನಾನು’ ಆಗುವುದು ಹೇಗೆ? ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ಇಲ್ಲಿ ನೆನೆಯಬೇಕು. ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ಆ ಜ್ಞಾನ ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಮಾತ್ರವೂ ಅಲ್ಲ. ಅದು ಒಂದು ವಿಲಕ್ಷಣವಾದ ಪ್ರತೀತಿ. ಮೀಮಿನ ‘ನಾನು’ ಕೂಡ ಅಂಥದೇ. ಬರೆದವನಿಗೂ ಓದುವವನಿಗೂ ಆ ಮುಖ ಬರೆದವನದಲ್ಲವೆಂದು ನಿಶ್ಚಯವಾಗಿ ಗೊತ್ತು; ಆದರೂ ‘ಇವನ ಮುಖ ಈಗ ಹೀಗಿದೆ’ ಎಂಬ ಪ್ರತೀತಿಗೆ ಭಂಗವಿಲ್ಲ. ಭಟ್ಟನಾಯಕನ ಮಾತಿನಲ್ಲಿ ಹೇಳುವುದಾದರೆ, ಆ ಮುಖ ಸಾಧಾರಣೀಕರಣಗೊಂಡು, ಒಬ್ಬನದಾಗಿರದೆ ಎಲ್ಲರದೂ ಆಗಿದೆ.

೫

ಇಂಥ ಕ್ಷುದ್ರವಸ್ತುವಿಗೆ ರಸಶಾಸ್ತ್ರದ ಗೌರವವನ್ನು ಕೊಡಬಹುದೆ ಎಂಬ ಆಕ್ಷೇಪ ಬರಬಹುದು. ಮೀಮು ಕಾವ್ಯವೆಂದು ನಮ್ಮ ವಾದವಲ್ಲ. ಅದಕ್ಕೆ ಹತ್ತಿರದ ನಂಟು ಗಾದೆಯೊಡನೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ನಮ್ಮ ಗಾದೆಯನ್ನು ನೋಡಿರಿ. ಯಾವ ಊರಿನ ಕಳ್ಳ, ಯಾರ ಹಿತ್ತಿಲ ಕುಂಬಳಕಾಯಿ, ಕೂಗಿದವರಾರು—ಒಂದೂ ಉಳಿದಿಲ್ಲ. ಉಳಿದಿರುವುದು ಹೆಗಲನ್ನು ಮುಟ್ಟಿಕೊಂಡ ಒಂದು ಕೈಚಲನ ಮಾತ್ರ. ಎಂದರೆ ಮೂಲವಿಭಾವವನ್ನು ಕಳೆದುಕೊಂಡ ಒಂದು ಅನುಭಾವ. ಇಂದು ಸಭೆಯಲ್ಲಿ ಯಾರನ್ನೂ ಹೆಸರಿಸದೆ ಆಡಿದ ಮಾತಿಗೆ ಒಬ್ಬನು ಮಾತ್ರ ಎದ್ದು ಸಮಾಧಾನ ಹೇಳತೊಡಗಿದರೆ, ಪಕ್ಕದವರು ಆ ಗಾದೆಯನ್ನು ಪಿಸುಗುಟ್ಟುತ್ತಾರೆ. ಹೊಸ ವಿಭಾವಕ್ಕೆ ಹಳೆಯ ಅನುಭಾವ ಹೊಂದಿಕೊಳ್ಳುತ್ತದೆ. ಮಾತಿನಲ್ಲಿ ಗಾದೆ ಮಾಡುತ್ತಿದ್ದ ಕೆಲಸವನ್ನು ಚಿತ್ರದಲ್ಲಿ ಮೀಮು ಮಾಡುತ್ತಿದೆ. ಗಾದೆಯನ್ನು ಅಭ್ಯಾಸಕ್ಕೆ ಯೋಗ್ಯವೆಂದೆಣಿಸಿದ ವಿದ್ವಾಂಸರು ಮೀಮನ್ನು ಬಿಡುವುದಕ್ಕೆ ಕಾರಣವಿಲ್ಲ.

ಆದರೆ ಇಲ್ಲಿಯೇ ಒಂದು ಮುಖ್ಯಭೇದವೂ ಇದೆ. ಕುಂಬಳಕಾಯಿ ಕಳ್ಳನಿಗೆ ಹೆಸರಿಲ್ಲ, ಮುಖವಿಲ್ಲ, ಮಕ್ಕಳುಮರಿಗಳಿಲ್ಲ. ಮೀಮಿನ ಮುಖಕ್ಕೆ ಅನೇಕವೇಳೆ ಒಡೆಯನಿದ್ದಾನೆ, ಅವನು ಬದುಕಿದ್ದಾನೆ. ಆದುದರಿಂದ ಭಟ್ಟನಾಯಕನು ಹೇಳಿದ ಸಾಧಾರಣೀಕರಣ ಇಲ್ಲಿ ಎಂದಿಗೂ ಪೂರ್ಣವಾಗದು. ಅಳಿದುಹೋಯಿತೆಂದು ತಿಳಿದಿದ್ದ ವಿಶೇಷಾಂಶ ಎಂದಾದರೊಂದು ದಿನ ಮರಳಿ ಬರಬಹುದು.

ಮರಳಿ ಬಂದುದಕ್ಕೆ ‘ಪಾಗ್‌ಚಾಂಪ್’ ಎಂಬ ಮುಖದ ಕಥೆ ಪ್ರಸಿದ್ಧವಾಗಿದೆ. ರಯನ್ ಗುಟಿಯರೆಜ್ ಎಂಬ ವಿಡಿಯೊ ಆಟಗಾರರು ೨೦೧೦ರ ಒಂದು ವಿಡಿಯೊವಿನಲ್ಲಿ ಬಾಯಿ ತೆರೆದು ಬೆರಗಾದ ಮುಖವನ್ನು ತೋರಿದ್ದರು. ಆ ಮುಖ ೨೦೧೨ರಿಂದ ಆಟಗಳ ನೇರಪ್ರಸಾರದ ಸ್ಥಾನವಾದ ಟ್ವಿಚ್‌ನಲ್ಲಿ ಸಂಭಾಷಣೆಯ ನಡುವೆ ಬಳಸುವ ಚಿಹ್ನೆಯಾಯಿತು. ೨೮ಕ್ಕೆ ೨೮ ಬಿಂದುಗಳಷ್ಟು ಚಿಕ್ಕದಾಗಿ ತೋರುವ ಆ ಚಿಹ್ನೆ ರೋಮಾಂಚವನ್ನೂ ಬೆರಗನ್ನೂ ಸೂಚಿಸಲು ಎಲ್ಲೆಡೆ ಬಳಕೆಗೆ ಬಂತು. ೨೦೨೧ನೆಯ ಜನವರಿ ೬ರಂದು ಅಮೆರಿಕದ ಸಂಸದ್ಭವನದಲ್ಲಿ ದೊಂಬಿ ನಡೆದಾಗ, ಮುಖದ ಒಡೆಯರು ಟ್ವಿಟರಿನಲ್ಲಿ ಬರೆದ ಮಾತುಗಳು ಮತ್ತಷ್ಟು ಹಿಂಸೆಗೆ ಪ್ರೇರಣೆ ಕೊಡುವಂತಿವೆಯೆಂದು ಟ್ವಿಚ್ ಸಂಸ್ಥೆ ಆ ಚಿಹ್ನೆಯನ್ನು ತೆಗೆದುಹಾಕಿತು. ಹೆಸರನ್ನೂ ಅರ್ಥವನ್ನೂ ಮಾತ್ರ ಬಿಡಲಿಲ್ಲ. ಕೆಲವು ಕಾಲ ದಿನಕ್ಕೊಬ್ಬರಂತೆ ಬೇರೆ ಬೇರೆ ಜನರ ಮುಖವನ್ನಿಟ್ಟು, ಕೊನೆಗೆ ಫೆಬ್ರವರಿಯಲ್ಲಿ ಬಳಕೆದಾರರ ಮತವನ್ನು ಪಡೆದು, ಕೊಮೊಡೊ ಎಂಬ ದೊಡ್ಡ ಉಡದ ಮುಖವನ್ನು ಆ ಸ್ಥಾನದಲ್ಲಿ ನಿಲ್ಲಿಸಿತು.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದು: ಬಹುಕಾಲ ಬಳಸಿದ ಮೀಮು ಚಿತ್ರವಾಗಿರುವುದನ್ನು ಬಿಟ್ಟು ಶಬ್ದವೇ ಆಗುತ್ತದೆ, ಮುಖ ಮಾರ್ಪಟ್ಟರೂ ಸಂಕೇತ ನಿಲ್ಲುತ್ತದೆ. ಇನ್ನೊಂದು: ಹಾಗೆ ಶಬ್ದವಾಗುವತನಕ ಮುಖ ಮನುಷ್ಯನಿಗೆ ಅಂಟಿಯೇ ಇರುತ್ತದೆ. ಎಂಟೊಂಬತ್ತು ವರ್ಷ ಎಲ್ಲರದೂ ಆಗಿದ್ದ ಬೆರಗು ಒಂದೇ ದಿನದಲ್ಲಿ ಒಬ್ಬನದಾಯಿತು. ಮನುಷ್ಯನ ಜಾಗಕ್ಕೆ ಉಡವನ್ನು ತಂದುದರಲ್ಲಿ ಆ ಜನ ತಮಗರಿಯದೆಯೇ ಒಂದು ತತ್ತ್ವವನ್ನು ಹೇಳಿದ್ದಾರೆ. ಉಡ ಮಾತನಾಡುವುದಿಲ್ಲ.

೬

ಇನ್ನು ಗುಣದೋಷವಿಚಾರ. ಹನ್ನೊಂದನೆಯ ಶತಮಾನದ ಕಾಶ್ಮೀರಕವಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸಾರಿದನು. ಮೀಮಿಗೂ ಆ ಮಾನದಂಡವನ್ನೇ ಹಿಡಿಯಬಹುದು. ಯಾವ ಮುಖವನ್ನು ಬಳಸಬಹುದೆಂಬ ವಿಷಯದಲ್ಲಿ ದೇಶದೇಶಗಳ ಕಾನೂನು ಏನೇ ಹೇಳಲಿ, ವಿಮರ್ಶಕನ ಪ್ರಶ್ನೆ ಬೇರೆ: ಮೂಲವಿಭಾವವನ್ನು ತಿಳಿದ ಮೇಲೂ ನಗು ಉಳಿಯುತ್ತದೆಯೆ?

ಪಿಕಾಚುವಿನಲ್ಲಿ ಉಳಿಯುತ್ತದೆ, ಆ ಕಂತಿನ ಕಥೆಯನ್ನು ತಿಳಿದರೂ ತಿಳಿಯದಿದ್ದರೂ ನಗೆಗೆ ಹಾನಿಯಿಲ್ಲ. ಸ್ಕ್ಯಾನ್‌ಲನ್ನರ ಮಿಟುಕಿನಲ್ಲಿ ತಿಳಿವಳಿಕೆಯಿಂದ ನಗು ಹೆಚ್ಚುತ್ತದೆ. ತಾವಾಗಿ ಕ್ಯಾಮರಾದ ಮುಂದೆ ಕುಳಿತು ಹರಟುತ್ತಿದ್ದವರ ಮುಖವದು. ಮೇಲಾಗಿ, ಪ್ರಸಿದ್ಧಿ ಬಂದ ಅನಂತರ ಅವರು ಅದನ್ನು ಹಳಿಯದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ನಿವಾರಣೆಗಾಗಿ ದುಡಿಯುವ ಅಮೆರಿಕದ ಸಂಘಕ್ಕೆ ಸೈಕಲ್ ಯಾತ್ರೆಯ ಮೂಲಕ ಹಣ ಕೂಡಿಸುವುದಕ್ಕೆ ಬಳಸಿಕೊಂಡರು. ತಮ್ಮ ಮುಖದಿಂದ ನಕ್ಕವರು ಆ ಸಂಘಕ್ಕೆ ಏನನ್ನಾದರೂ ಕೊಡಿರೆಂದು ಕೇಳಿದರು. ಎಲ್ಲರದಾಗಿದ್ದ ಮುಖವನ್ನು ಅವರು ಹಿಂದಕ್ಕೆ ಕೇಳಲಿಲ್ಲ. ಅದರಿಂದ ಬಂದ ಪರಿಚಯವನ್ನು ಮಾತ್ರ ರೋಗಿಗಳಿಗೆ ಸಲ್ಲಿಸಿದರು.

ಇವೆರಡಕ್ಕಿಂತ ಭಿನ್ನವಾದ ಮೂರನೆಯ ವರ್ಗವೊಂದಿದೆ. ತನ್ನನ್ನು ಚಿತ್ರಿಸುತ್ತಿರುವುದನ್ನರಿಯದ ಹಾದಿಹೋಕ, ಸತ್ತವರಿಗಾಗಿ ಅಳುತ್ತಿರುವ ಹೆಂಗಸು, ಇನ್ನೂ ತಿಳಿವು ಬಾರದ ಮಗು, ರೋಗದಿಂದ ಮುಖ ಸೊಟ್ಟಗಾದವನು—ಇಂಥವರ ಮುಖಗಳೂ ಮೀಮುಗಳಾಗುತ್ತವೆ. ಇವನ್ನು ಕಂಡು ನಗುವವನಿಗೆ ಮೂಲಸಂಗತಿಯನ್ನು ತಿಳಿಸಿದರೆ ನಗು ಅಲ್ಲಿಯೇ ನಿಲ್ಲುತ್ತದೆ; ಹಾಸ್ಯ ಕರುಣವಾಗಿ ತಿರುಗುತ್ತದೆ, ಇಲ್ಲವೆ ನಕ್ಕವನಿಗೆ ನಾಚಿಕೆಯಾಗುತ್ತದೆ. ಇದೇ ರಸಭಂಗ. ಕಾರಣವನ್ನು ಮರೆಸಿದುದರಿಂದ ಮಾತ್ರ ಬದುಕಿರುವ ನಗು ಅಧಮವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ನೀತಿಯೂ ರಸವೂ ಇಲ್ಲಿ ಬೇರೆ ಬೇರೆ ದಾರಿ ಹಿಡಿದಿಲ್ಲ. ಮುಖಕ್ಕೆ ಒಡೆಯನುಂಟೆಂಬುದನ್ನು ಮರೆತ ಕಡೆಯಲ್ಲೆಲ್ಲ ಎರಡೂ ಒಟ್ಟಿಗೆ ಕೆಡುತ್ತವೆ.

ಆದಕಾರಣ ಅಧ್ಯಾಪಕರಲ್ಲಿ ಎರಡು ವಿಜ್ಞಾಪನೆಗಳಿವೆ. ಅದ್ಭುತ ಹಾಸ್ಯಗಳನ್ನು ಪಾಠ ಹೇಳುವಾಗ ವಿದ್ಯಾರ್ಥಿ ಪಿಕಾಚುವನ್ನು ಉದಾಹರಿಸಿದರೆ ಗದರಿಸದೆ, ಅದರ ವಿಭಾವವೇನು ಅನುಭಾವವೇನು ಎಂದು ಅವನನ್ನೇ ಕೇಳಬೇಕು. ಪದ್ಯಕ್ಕಿಂತ ಮೊದಲು ಆತನು ಇದರಲ್ಲಿ ಸಹೃದಯನಾಗಿದ್ದಾನೆ. ಅಲ್ಲಿಂದ ಪದ್ಯಕ್ಕೆ ಕರೆತರುವುದು ಸುಲಭ. ಅನಂತರ, ಆ ಮುಖ ಯಾರದು, ಎಲ್ಲಿಂದ ಬಂತು ಎಂದೂ ಕೇಳಬೇಕು. ಈ ಚಿತ್ರಗಳು ಪ್ರತಿಯಿಂದ ಪ್ರತಿಗೆ ಮಸಕಾಗುತ್ತ, ಅಂಚು ಕತ್ತರಿಸಿಹೋಗುತ್ತ, ಮಾತು ಬದಲಾಗುತ್ತ ಹೋಗುತ್ತವೆ. ಲಿಪಿಕಾರರ ಕೈಯಲ್ಲಿ ಓಲೆಯ ಪಾಠಗಳಿಗಾದುದೂ ಇದೇ. ಪಾಠಾಂತರಗಳನ್ನು ಸೇರಿಸಿ ಮೂಲವನ್ನರಸುವ ಶ್ರಮವನ್ನು ನಮ್ಮ ಸಂಶೋಧಕರು ಓಲೆಗರಿಗಳಲ್ಲಿ ಬಲ್ಲರು. ಅದೇ ಶ್ರಮವನ್ನು ಇಲ್ಲಿಯೂ ವಹಿಸಿ, ಚಿತ್ರ ಹುಟ್ಟಿದ ವರ್ಷವನ್ನೂ ಸಂದರ್ಭವನ್ನೂ ಗುರುತಿಸಿಟ್ಟರೆ, ಮುಂದೆ ನಗುವವರಿಗೆ ತಾವು ಯಾರ ಮುಖದಿಂದ ನಗುತ್ತಿದ್ದೇವೆಂಬುದಾದರೂ ತಿಳಿದಿರುತ್ತದೆ.